ದೂರ ಕೇಳಬೇಡಿ, ಮೆಟ್ಟಿಲು ಕೇಳಿ

ಒಬ್ಬರಿಗೆ ಮಂಡಿ ಹಿಡಿದುಕೊಂಡಿದೆ, ಇನ್ನೊಬ್ಬರಿಗೆ ಸೊಂಟ ಬಿದ್ದಿದೆ, ಮತ್ತೊಬ್ಬರಿಗೆ ಪಾರ್ಶ್ವವಾಯು ಬಡಿದು ಒಂದು ಕಾಲು ಎಳೆಯುತ್ತದೆ. ಇಂಥ ಯಾವುದೋ ಕಾರಣಕ್ಕೆ ಗೋಕರ್ಣದ ಆಸೆಯನ್ನೇ ಬಿಟ್ಟವರು ನನ್ನ ಓರಗೆಯವರಲ್ಲಿ ಬಹಳ ಮಂದಿ. “ಇನ್ನು ನಮ್ಮ ಕೈಲೆಲ್ಲಿ ಆಗುತ್ತದೆ, ನೀವೇ ಹೋಗಿ ಬನ್ನಿ, ಪ್ರಸಾದ ತನ್ನಿ” ಎಂದು ಮಕ್ಕಳನ್ನು ಕಳಿಸಿ ತಾವು ಮನೆಯಲ್ಲೇ ಉಳಿಯುತ್ತಾರೆ. ಅವರಿಗೂ, ಅವರನ್ನು ಬಿಟ್ಟು ಹೊರಡುವ ಮಕ್ಕಳು ಸೊಸೆಯಂದಿರಿಗೂ ನಾಲ್ಕು ಮಾತು ಹೇಳಬೇಕಾಗಿದೆ. ನಾನೂ ಕೋಲು ಹಿಡಿದು ನಡೆಯುವವಳೇ. ಗೋಕರ್ಣ ಚಿಕ್ಕಂದಿನಿಂದ ಗೊತ್ತಿರುವ ಊರು. ಕೋಲು ಕೈಗೆ ಬಂದ ಮೇಲೆ ಆ ಊರಿನಲ್ಲಿ ಓಡಾಡುವುದನ್ನು ಹೊಸದಾಗಿ ಕಲಿತೆ. ಕಲಿತದ್ದರಲ್ಲಿ ಮುಖ್ಯವಾದದ್ದು ಇಷ್ಟೇ: ಹಳೆಯ ಊರಿಗೆ ಹೊರಟಾಗ ಎಷ್ಟು ದೂರ ಎಂದು ಕೇಳಬೇಡಿ, ಎಷ್ಟು ಮೆಟ್ಟಿಲು ಎಂದು ಕೇಳಿ.

ಯಾಕೆಂದರೆ ಹಳೆಯ ಗೋಕರ್ಣ ಅಂಗೈಯಗಲದ ಊರು. ರಥಬೀದಿಯ ಒಂದು ತುದಿಗೆ ವೆಂಕಟರಮಣ ದೇವಸ್ಥಾನ. ಪಶ್ಚಿಮಕ್ಕೆ ನಡೆದರೆ ಮಹಾಗಣಪತಿ, ಅದರ ಪಕ್ಕದಲ್ಲೇ ಮಹಾಬಲೇಶ್ವರ, ಅಲ್ಲಿಂದ ಮುಂದೆ ಹೋದರೆ ಕಡಲು. ವೆಂಕಟರಮಣನಿಂದ ಸ್ವಲ್ಪ ದಕ್ಷಿಣಕ್ಕೆ ಕೋಟಿತೀರ್ಥ. ರಥ ಎಳೆಯುವ ಬೀದಿಯಾದ್ದರಿಂದ ಅದು ಸಮತಟ್ಟಾಗಿದೆ. ಕೋಲಿನವರೂ ನಡೆಯಬಹುದು, ಗಾಲಿಕುರ್ಚಿಯೂ ಉರುಳುತ್ತದೆ. ನಮ್ಮನ್ನು ಸೋಲಿಸುವುದು ಬೀದಿಯ ಉದ್ದವಲ್ಲ. ಬೀದಿಯಿಂದ ಅಂಗಡಿಯ ಜಗಲಿಗೆ, ಜಗಲಿಯಿಂದ ಹೊಸ್ತಿಲ ಆಚೆಗೆ, ದೇವಸ್ಥಾನದ ಪ್ರಾಕಾರದಿಂದ ಗರ್ಭಗುಡಿಗೆ, ಕೊನೆಗೆ ಗಟ್ಟಿ ನೆಲದಿಂದ ಮರಳಿಗೆ ಕಾಲಿಡಬೇಕಲ್ಲ, ಆ ಏರು ತಗ್ಗುಗಳು.

ಈ ಏರು ತಗ್ಗುಗಳಿಗೆ ಕಾರಣವೂ ಇದೆ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೀದಿಯ ನೀರು ಮನೆಯೊಳಗೆ ಬರಬಾರದು ಎಂದು ಹಿರಿಯರು ಚಿರೆಕಲ್ಲಿನ ಎತ್ತರದ ಪಾಯ ಕಟ್ಟಿ, ಮುಂದೆ ಜಗಲಿ ಬಿಟ್ಟು, ಅದಕ್ಕೆ ಮೆಟ್ಟಿಲಿಟ್ಟರು. ಮಳೆಗೆ ಅದು ಸರಿಯಾದ ಕಟ್ಟಡ, ಮಂಡಿಗೆ ಕಷ್ಟದ ಕಟ್ಟಡ. ಕಾಳಿದಾಸನ ರಘುವಂಶದಲ್ಲೇ ಹೆಸರು ಕಾಣುವಷ್ಟು ಹಳೆಯ ಕ್ಷೇತ್ರವಿದು. ಇಲ್ಲಿನ ಕಲ್ಲು ನಮಗಾಗಿ ತಗ್ಗುವುದಿಲ್ಲ, ನಾವೇ ಮೊದಲು ತಿಳಿದುಕೊಂಡು ಹೋಗಬೇಕು.

ಹೊರಡುವ ಮೊದಲಿನ ಕೆಲಸದಿಂದಲೇ ಶುರು ಮಾಡೋಣ. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಗೋಕರ್ಣ ರೋಡ್ ನಿಲ್ದಾಣವಿದೆ. ಅಲ್ಲಿಂದ ಊರಿಗೆ ಸುಮಾರು 10 ಕಿಲೋಮೀಟರ್. ಅದು ಸಣ್ಣ ನಿಲ್ದಾಣ. ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ, ನಿಂತರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಹಿಂದಿನ ನಿಲ್ದಾಣ ದಾಟುತ್ತಿದ್ದಂತೆ ಚಪ್ಪಲಿ ಹಾಕಿಕೊಂಡು, ಕೋಲು ಕೈಗೆ ತೆಗೆದುಕೊಂಡು ಬಾಗಿಲ ಹತ್ತಿರದ ಸೀಟಿಗೆ ಬಂದು ಕೂತಿರಿ. ಮೊದಲು ಗಟ್ಟಿಮುಟ್ಟಾದ ಒಬ್ಬರು ಇಳಿಯಲಿ, ನಂತರ ನೀವು, ಆಮೇಲೆ ಸಾಮಾನು. ನಮ್ಮ ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಚೀಲ, ಬುಟ್ಟಿಗಳೆಲ್ಲ ಇಳಿದ ಮೇಲೆ ಅಜ್ಜಿಯ ಸರದಿ ಬರುತ್ತದೆ, ಅಷ್ಟರಲ್ಲಿ ಗಾಡಿ ಹೊರಡುತ್ತದೆ. ಟಿಕೆಟ್ ತೆಗೆಯುವಾಗ ಕೆಳಗಿನ ಬರ್ತ್ ಕೇಳುವುದನ್ನು ಮರೆಯಬೇಡಿ. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಅದರಲ್ಲಿ ಪ್ರತ್ಯೇಕ ಕೋಟಾ ಇದೆ.

ಉಳಿಯುವ ಜಾಗಕ್ಕೆ ಫೋನ್ ಮಾಡಿದಾಗ “ರೂಮು ಚೆನ್ನಾಗಿದೆಯಾ” ಎಂದು ಕೇಳಿದರೆ “ಚೆನ್ನಾಗಿದೆ” ಎಂದೇ ಹೇಳುತ್ತಾರೆ. ಹಾಗೆ ಕೇಳಬೇಡಿ. ರಸ್ತೆಯಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು? ಹಿಡಿದುಕೊಳ್ಳಲು ಕಂಬಿ ಇದೆಯಾ? ಪಾಯಿಖಾನೆ ಕೋಣೆಯ ಒಳಗಿದೆಯಾ, ಹಿತ್ತಲಲ್ಲಿದೆಯಾ? ಕಮೋಡ್ ಇದೆಯಾ? ಬಚ್ಚಲಿಗೆ ಇಳಿಯಲು ಮೆಟ್ಟಿಲಿದೆಯಾ? ಗಾಲಿಕುರ್ಚಿಯವರು ಬಾಗಿಲಿನ ಅಗಲ ಅಳೆದು ಹೇಳಲು ಕೇಳಬೇಕು. ಸಾಧಾರಣ ಕುರ್ಚಿಗೆ ಎರಡು ಕಾಲಡಿಯಷ್ಟಾದರೂ ಬೇಕು, ತಿರುಗಿಸಿಕೊಂಡು ಒಳಗೆ ಹೋಗಲು ಮೂರಡಿ ಇದ್ದರೆ ನಿಶ್ಚಿಂತೆ. ಹಳೆಯ ಮನೆಗಳ ಬಚ್ಚಲ ಬಾಗಿಲು ಅಷ್ಟು ಅಗಲವಿರುವುದು ಅಪರೂಪ. “ಬಾಗಿಲದ್ದೂ ಬಚ್ಚಲದ್ದೂ ಒಂದೊಂದು ಫೋಟೋ ವಾಟ್ಸಾಪ್ ಮಾಡಿ” ಎನ್ನಲು ಸಂಕೋಚ ಪಡಬೇಡಿ. ನಾಲ್ಕು ಪ್ರಶ್ನೆ ಕೇಳಿಸಿಕೊಂಡು ಬೇಸರಿಸುವವರ ಮನೆಯಲ್ಲಿ ನಿಮಗೆ ರಾತ್ರಿ ಎರಡಕ್ಕೆ ಸಹಾಯ ಸಿಗುವುದಿಲ್ಲ. ಅದೂ ಆಗಲೇ ಗೊತ್ತಾದಂತಾಯಿತು. ಕಡಲ ನೋಟದ ಮಹಡಿಯ ಕೋಣೆ ಬೇಡ, ನೆಲದ ಮಟ್ಟದ ಕೋಣೆ ಹಿಡಿಯಿರಿ.

ಹೋಗಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ಮಳೆಗಾಲದಲ್ಲಿ ಚಿರೆಕಲ್ಲಿನ ಮೆಟ್ಟಿಲ ಮೇಲೆ ಪಾಚಿ ಕಟ್ಟುತ್ತದೆ, ಗಟ್ಟಿ ಕಾಲಿನವರೇ ಜಾರುತ್ತಾರೆ. ದಿನದಲ್ಲಿ ಒಳ್ಳೆಯ ಹೊತ್ತು ಬೆಳಿಗ್ಗೆ ಎಂಟರ ಒಳಗೆ. ಆಗ ರಥಬೀದಿಯಲ್ಲಿ ಹೂವಿನವರು ಬುಟ್ಟಿ ಬಿಚ್ಚುತ್ತಿರುತ್ತಾರೆ, ಬೈಕುಗಳ ಕಾಟ ಇರುವುದಿಲ್ಲ, ಬರಿಗಾಲಿಗೆ ಕಲ್ಲು ಸುಡುವುದಿಲ್ಲ. ನಡುಹಗಲು ದೇವಸ್ಥಾನದ ಅಂಗಳದಲ್ಲಿ ಕಾದ ಕಲ್ಲಿನ ಮೇಲೆ ನಿಂತರೆ ಕಾಲೆತ್ತಿ ಕಾಲಿಡುವ ಅವಸರ ಹುಟ್ಟುತ್ತದೆ. ಕೋಲಿನವರಿಗೆ ಆ ಅವಸರವೇ ಅಪಾಯ.

ಊರಿಗೆ ಬಂದ ಕೂಡಲೇ ಒಬ್ಬ ಒಳ್ಳೆಯ ರಿಕ್ಷಾದವನನ್ನು ಗೊತ್ತು ಮಾಡಿಕೊಳ್ಳಿ. ಒಂದೊಂದು ಸವಾರಿಗೆ ಒಬ್ಬೊಬ್ಬರನ್ನು ಹುಡುಕುವ ಬದಲು ಅರ್ಧ ದಿನಕ್ಕೆ ಮಾತಾಡಿ, ಫೋನ್ ನಂಬರ್ ತೆಗೆದುಕೊಳ್ಳಿ. “ತಮ್ಮಾ, ನನಗೆ ಮಂಡಿನೋವು, ಮೆಟ್ಟಿಲು ಕಡಿಮೆ ಇರುವ ಬಾಗಿಲ ಹತ್ತಿರ ನಿಲ್ಲಿಸು” ಎಂದು ಮೊದಲೇ ಹೇಳಿ. ಯಾವ ಓಣಿಯಲ್ಲಿ ಗಾಡಿ ತಿರುಗುತ್ತದೆ, ಯಾವ ಹೊತ್ತಿನಲ್ಲಿ ರಥಬೀದಿಗೆ ಬಿಡುವುದಿಲ್ಲ, ಯಾವ ಬಾಗಿಲಿಗೆ ಏರು ಕಡಿಮೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ರಿಕ್ಷಾ ಹತ್ತುವಾಗ ಮೊದಲು ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಳ್ಳಿ. ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟು ಮೇಲೇಳುವಾಗಲೇ ಮಂಡಿ ತಿರುಚುವುದು.

ಇನ್ನು ಮೆಟ್ಟಿಲ ವಿಷಯ. ಕೋಲು ಹಿಡಿದವರೆಲ್ಲ ಇದನ್ನು ಬಾಯಿಪಾಠ ಮಾಡಿಕೊಳ್ಳಿ: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಇರಬೇಕಾದದ್ದು ನೋವಿನ ಕಾಲಿನ ಕಡೆಯ ಕೈಯಲ್ಲಲ್ಲ, ಅದರ ಎದುರು ಕೈಯಲ್ಲಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಕೋಲಿನ ತುದಿಯ ರಬ್ಬರನ್ನು ಹೊರಡುವ ಮುನ್ನ ತಿರುಗಿಸಿ ನೋಡಿ. ಅದರ ಗೀರುಗಳು ಸವೆದು ನುಣ್ಣಗಾಗಿದ್ದರೆ ಹೊಸದು ಹಾಕಿಸಿ. ಒದ್ದೆ ಕಲ್ಲಿನ ಮೇಲೆ ಸವೆದ ರಬ್ಬರಿಗೆ ಹಿಡಿತವೇ ಇರುವುದಿಲ್ಲ.

ದೇವಸ್ಥಾನದ ಹೊಸ್ತಿಲು ದಾಟುವುದನ್ನೇ ನೋಡಿ. ಕಲ್ಲಿನ ಹೊಸ್ತಿಲು ಎತ್ತರವಾಗಿದೆ, ಅದರ ಆಚೆ ನೆಲ ಈಚೆಗಿಂತ ತಗ್ಗಿದೆ. ಹೊರಗಿನ ಬಿಸಿಲಿನಿಂದ ಒಳಗೆ ಹೋಗುವಾಗ ಕಣ್ಣಿಗೆ ಕತ್ತಲೆ, ತಗ್ಗು ಕಾಣಿಸುವುದಿಲ್ಲ. ಹಿಂದಿನವರು ತಳ್ಳುತ್ತಿರುತ್ತಾರೆ. ಇಲ್ಲಿ ಪಕ್ಕಕ್ಕೆ ಸರಿದು ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಕದಲಬೇಡಿ. ಕೋಲಿನಿಂದ ಆಚೆಯ ನೆಲ ಮುಟ್ಟಿ ನೋಡಿ, ಎಷ್ಟು ತಗ್ಗು, ಒದ್ದೆಯೋ ಒಣವೋ ತಿಳಿಯುತ್ತದೆ. ಹೊಸ್ತಿಲನ್ನು ತುಳಿಯಬಾರದು ಎಂಬ ನಮ್ಮ ರೂಢಿ ಇಲ್ಲಿ ಕಾಲಿಗೂ ಒಳ್ಳೆಯದೇ, ಅದರ ಅಂಚು ನೂರಾರು ವರ್ಷದಿಂದ ಸವೆದು ಜಾರುತ್ತದೆ. ನಂತರ ಕಾಲಿಡಿ. ಹಿಂದಿನವರು ಗೊಣಗಿದರೆ ಗೊಣಗಲಿ, ನೀವು ಬಿದ್ದರೆ ಅವರೂ ಒಳಗೆ ಹೋಗಲಾರರು.

ಮಹಾಬಲೇಶ್ವರನಲ್ಲಿ ಗಂಡಸರು ಅಂಗಿ ತೆಗೆದು ಪಂಚೆ ಉಟ್ಟು ಹೋಗಬೇಕು. ಪಂಚೆಯನ್ನಾಗಲಿ ಸೀರೆಯನ್ನಾಗಲಿ ಕಾಲಿನ ಗಂಟಿಗಿಂತ ನಾಲ್ಕು ಬೆರಳು ಮೇಲಕ್ಕೆ ಉಟ್ಟುಕೊಳ್ಳಿ. ನೆರಿಗೆ ಕಾಲಿಗೆ ತೊಡರಿ ಬೀಳುವುದು ಹೆಚ್ಚು. ಕೋಲು ಒಳಗೆ ತರಬಹುದೇ ಎಂದು ಬಾಗಿಲಲ್ಲೇ ಕೇಳಿ. ಮನೆಯಿಂದ ಹೊರಗೆ ಬಳಸದ, ತೊಳೆದಿಟ್ಟ ಇನ್ನೊಂದು ಮಡಚುವ ಕೋಲನ್ನು ಚೀಲದಲ್ಲಿ ಇಟ್ಟುಕೊಂಡರೆ ಯಾರೂ ಬೇಡವೆನ್ನಲು ಕಾರಣ ಸಿಗುವುದಿಲ್ಲ. ಗಾಲಿಕುರ್ಚಿಯಾದರೆ ಹಿಂದಿನ ದಿನವೇ ಹೋಗಿ ಅಲ್ಲಿಯವರನ್ನು ಕಂಡು ಮಾತಾಡಿ, ಯಾವ ಬಾಗಿಲಿಂದ ಎಲ್ಲಿಯವರೆಗೆ ತರಬಹುದು ಎಂದು ತಿಳಿದುಕೊಳ್ಳಿ.

ಇಲ್ಲಿನ ಆತ್ಮಲಿಂಗ ನೆಲಮಟ್ಟದಲ್ಲಿದೆ. ಬಗ್ಗಿ ಕೈ ಇಳಿಸಿ ಮುಟ್ಟುವುದು ಈ ಕ್ಷೇತ್ರದ ವಿಶೇಷ. ಅಷ್ಟು ದೂರ ಬಂದು ಮುಟ್ಟದೆ ಹೋಗುವುದು ಹೇಗೆ ಎಂದು ಮನಸ್ಸು ಎಳೆಯುತ್ತದೆ, ನನಗೆ ಅದು ಗೊತ್ತು. ಸೊಂಟಕ್ಕೆ ಆಪರೇಷನ್ ಆದವರಿಗೆ ಸೊಂಟವನ್ನು ಪೂರ್ತಿ ಬಗ್ಗಿಸಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ. ಆ ಮಾತನ್ನು ಗರ್ಭಗುಡಿಯ ಬಾಗಿಲಲ್ಲಿ ಮರೆಯಬೇಡಿ. ಬಗ್ಗಲಾಗದವರು ಹೊರಗೆ ನಿಂತು ಕೈಮುಗಿದರೆ ಭಕ್ತಿಗೆ ಕಡಿಮೆಯಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ಉಡುಪಿಯಲ್ಲಿ ಕೃಷ್ಣನ ದರ್ಶನವನ್ನು ಎಲ್ಲರೂ ಕಿಂಡಿಯ ಮೂಲಕವೇ ಮಾಡುತ್ತಾರಲ್ಲ! ಹೊರಗೆ ನಿಂತು ನೋಡಿದ್ದು ಅರ್ಧ ದರ್ಶನ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಕೋಟಿತೀರ್ಥಕ್ಕೆ ಹೋದವರು ಮೇಲಿನ ಅಂಚಿನಲ್ಲೇ ಕುಳಿತುಕೊಳ್ಳಿ. ಕೆಳಗಿನ ಮೆಟ್ಟಿಲುಗಳು ಸದಾ ಒದ್ದೆ, ನೀರಿಗೆ ತಾಗಿದವಂತೂ ಹಸಿರು ಪಾಚಿ. ಪಿತೃಕಾರ್ಯಕ್ಕೆ ಬಂದವರು ತೀರ್ಥ ಮುಟ್ಟಲೇಬೇಕೆಂದಿದ್ದರೆ ತಂಬಿಗೆಯಲ್ಲಿ ಮೇಲಕ್ಕೆ ತರಿಸಿಕೊಳ್ಳಿ. ಭಟ್ಟರಿಗೆ ಮೊದಲೇ ಹೇಳಿದರೆ ನೆಲದ ಬದಲು ಮಣೆಯ ಮೇಲೋ ಸ್ಟೂಲಿನ ಮೇಲೋ ಕೂತು ಕೆಲಸ ಮುಗಿಸುವ ವ್ಯವಸ್ಥೆ ಮಾಡಿಕೊಡುತ್ತಾರೆ. ನೆಲದಲ್ಲಿ ಕೂತು ಏಳಲಾರದವರು ಊಟಕ್ಕೂ ಹಾಗೆಯೇ ಬಾಯಿಬಿಟ್ಟು ಮೇಜು ಕುರ್ಚಿ ಕೇಳಬೇಕು.

ಇನ್ನು ಕಡಲು. ರಥಬೀದಿಯ ಕಡೆಯಿಂದ ಹೋದರೆ ಕೊನೆಗೆ ಮರಳು ಸಿಗುತ್ತದೆ. ಒಣಮರಳಿನಲ್ಲಿ ಕೋಲು ಹೂತುಹೋಗುತ್ತದೆ, ಹೆಜ್ಜೆಗೆ ಎರಡರಷ್ಟು ಶಕ್ತಿ ಬೇಕು. ನೀರಿನ ಹತ್ತಿರದ ಒದ್ದೆ ಮರಳು ಗಟ್ಟಿ, ಅಲ್ಲಿ ಕೋಲು ನಿಲ್ಲುತ್ತದೆ. ಆದ್ದರಿಂದ ಕಡಲಿಗೆ ಹೋಗುವ ಹೊತ್ತನ್ನು ಇಳಿತ ನೋಡಿ ಆರಿಸಿ. ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿನ ಇಳಿತಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೆ ಬರುತ್ತದೆ, ಹೆಚ್ಚು ಕೆಳಗೂ ಹೋಗುತ್ತದೆ. ಹಾಗಾಗಿ ಆ ದಿನಗಳ ಇಳಿತದಲ್ಲಿ ಗಟ್ಟಿ ಮರಳಿನ ಪಟ್ಟೆ ಅಗಲವಾಗಿ ಸಿಗುತ್ತದೆ. ಸಮಯ ತಿಳಿಯದಿದ್ದರೆ ಬಲೆ ಬಿಡಿಸುತ್ತ ಕೂತ ಮೀನುಗಾರರನ್ನು ಕೇಳಿ, ಹೇಳುತ್ತಾರೆ. ನೀರಿಗೆ ಮಾತ್ರ ಇಳಿಯಬೇಡಿ. ಅಲೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಎರಡು ಕಾಲು ಗಟ್ಟಿ ಇದ್ದವರೇ ಓಲಾಡುತ್ತಾರೆ. ಸಮುದ್ರಸ್ನಾನದ ಸಂಕಲ್ಪವಿದ್ದರೆ ಒಣನೆಲದಲ್ಲಿ ಕುರ್ಚಿ ಹಾಕಿ ಕೂತು, ತಂಬಿಗೆಯಲ್ಲಿ ತಂದ ಕಡಲ ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳಿ.

ಗಾಲಿಕುರ್ಚಿಯನ್ನು ಮರಳಿನಲ್ಲಿ ಮುಂದಕ್ಕೆ ತಳ್ಳಬೇಡಿ. ಮುಂದಿನ ಚಿಕ್ಕ ಗಾಲಿಗಳು ಹೂತು ಕುರ್ಚಿ ಮುಗ್ಗರಿಸುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ದೊಡ್ಡ ಗಾಲಿಗಳ ಮೇಲೆ ಹಿಮ್ಮುಖವಾಗಿ ಎಳೆಯಬೇಕು. ಹೊಸ್ತಿಲು ಅಥವಾ ಒಂದು ಮೆಟ್ಟಿಲು ಇಳಿಸುವಾಗಲೂ ಹಿಮ್ಮುಖವೇ, ದೊಡ್ಡ ಗಾಲಿ ಮೊದಲು ಇಳಿಯಬೇಕು.

ಓಂ ಬೀಚಿಗೆ ರಿಕ್ಷಾ ಗುಡ್ಡದ ಮೇಲಿನವರೆಗೆ ಹೋಗುತ್ತದೆ, ಅಲ್ಲಿಂದ ಮೆಟ್ಟಿಲು. ಕುಡ್ಲೆಗೂ ಇಳಿಯಲೇಬೇಕು. ಹಾಫ್‌ಮೂನ್, ಪ್ಯಾರಡೈಸ್‌ಗಳಿಗೆ ಕಾಲುದಾರಿ ಇಲ್ಲವೇ ದೋಣಿ. ಈ ಕೊನೆಯ ಎರಡನ್ನು ಬಿಟ್ಟುಬಿಡಿ. ಓಂ ಬೀಚಿಗೆ ಮಾತ್ರ ಹೋಗಿ, ಮೇಲೆಯೇ ನಿಲ್ಲಿ. ಎರಡು ಅರ್ಧಚಂದ್ರಗಳು ಕೂಡಿ ಓಂಕಾರವಾಗುವ ಆ ಆಕಾರ ಕಾಣುವುದೇ ಮೇಲಿನಿಂದ. ಕೆಳಗೆ ಇಳಿದು ಅದರೊಳಗೇ ನಿಂತವರಿಗೆ ಬರೀ ಮರಳು, ಬಂಡೆ, ನೀರು. ನಾವು ನೋಡಬೇಕೆಂದು ಬಂದದ್ದು ಒಂದು ಮೆಟ್ಟಿಲೂ ಇಳಿಯದೆ ಸಿಗುವ ಇಂಥ ಜಾಗಗಳು ಎಲ್ಲ ಊರಿನಲ್ಲೂ ಇವೆ. ಹಾಗೆಯೇ ಊರಿನ ಹತ್ತಿರದ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ರಿಕ್ಷಾದಲ್ಲಿ ಕೂತೇ ನೋಡಬಹುದು. ಬೇಸಿಗೆಯಲ್ಲಿ ಹೋದರೆ ಗದ್ದೆಯಂಥ ಮಡಿಗಳಲ್ಲಿ ಉಪ್ಪು ಎಳೆದು ರಾಶಿ ಹಾಕುವ ಕೆಲಸ ಕಾಣುತ್ತದೆ.

ಶಿವರಾತ್ರಿಯ ಮಹಾರಥೋತ್ಸವದ ಬಗ್ಗೆ ಒಂದು ಎಚ್ಚರಿಕೆ. ರಥಕ್ಕೆ ಬಾಳೆಹಣ್ಣು ಎಸೆಯುವುದು ಇಲ್ಲಿನ ರೂಢಿ. ರಥ ಮುಂದೆ ಹೋದ ಮೇಲೆ ಬೀದಿಯ ತುಂಬ ತುಳಿದ ಹಣ್ಣು, ಸಿಪ್ಪೆ. ಅದರ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ. ರಥ ನೋಡಲೇಬೇಕೆಂದಿದ್ದರೆ ಪರಿಚಯದವರ ಜಗಲಿಯಲ್ಲಿ ಮಧ್ಯಾಹ್ನವೇ ಹೋಗಿ ಜಾಗ ಹಿಡಿಯಿರಿ. ಜನ ಚದುರಿ ಬೀದಿ ಗುಡಿಸುವ ತನಕ ಅಲ್ಲಿಂದ ಏಳಬೇಡಿ.

ನೀರು ಕುಡಿಯುವುದರ ಬಗ್ಗೆಯೂ ಹೇಳಲೇಬೇಕು. ಪಾಯಿಖಾನೆ ಹುಡುಕುವ ಕಷ್ಟಕ್ಕೆ ಹೆದರಿ ನಮ್ಮ ವಯಸ್ಸಿನ ಹೆಂಗಸರು ಬೆಳಗಿನಿಂದ ಒಂದು ಗುಟುಕೂ ಕುಡಿಯುವುದಿಲ್ಲ. ಕರಾವಳಿಯ ಸೆಖೆಯಲ್ಲಿ ಬೆವರು ಆರುವುದೇ ಇಲ್ಲ, ಮೈಯ ನೀರು ಹೋದದ್ದು ತಿಳಿಯುವುದೂ ಇಲ್ಲ. ಎದ್ದು ನಿಂತಾಗ ಒಮ್ಮೆಗೇ ತಲೆ ತಿರುಗುತ್ತದೆ. ಎರಡು ಗಂಟೆಗೊಮ್ಮೆ ಕೋಣೆಗೆ ಮರಳುವ ಹಾಗೆ ದಿನವನ್ನು ಜೋಡಿಸಿಕೊಂಡು ಧಾರಾಳವಾಗಿ ಕುಡಿಯಿರಿ. ಎಳನೀರು ಒಳ್ಳೆಯದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಕುಡಿಯಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಈಗ ಜೊತೆಗೆ ಬರುವ ಮಕ್ಕಳಿಗೆ. ಅಮ್ಮನ ಮಣಿಕಟ್ಟು ಹಿಡಿದು ಎಳೆಯಬೇಡಿ, ಬೆನ್ನ ಹಿಂದೆ ಕೈಯಿಟ್ಟು ದೂಡಬೇಡಿ. ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿಯಲಿ. ಬೇಕಾದಷ್ಟು ಭಾರ ಹಾಕುವುದೂ, ಬಿಡುವುದೂ ಆಗ ಅವರ ಕೈಯಲ್ಲಿರುತ್ತದೆ. ಮೆಟ್ಟಿಲು ಏರುವಾಗ ಅವರಿಗಿಂತ ಒಂದು ಮೆಟ್ಟಿಲು ಹಿಂದೆ ಇರಿ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ ಇರಿ. ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು “ಬಾ ಅಮ್ಮ, ಬೇಗ ಬಾ” ಎಂದು ಕರೆಯಬೇಡಿ. ಆ ಕರೆಗೆ ಓಗೊಟ್ಟು ನೋವನ್ನು ನುಂಗಿ ಹೆಜ್ಜೆ ಹಾಕುವ ತಾಯಂದಿರನ್ನು ನಾನು ಎಷ್ಟೋ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ, ಒಂದು ಬೆಳಿಗ್ಗೆ, ಒಂದು ಸಂಜೆ.

ಊರಿನವರಿಗೂ ಒಂದು ಮಾತು ಹೇಳುತ್ತೇನೆ. ಇಳಿಜಾರು ದಾರಿ ಒಂದಡಿ ಏರಬೇಕಾದರೆ 12 ಅಡಿ ಉದ್ದ ಇರಬೇಕು ಎಂಬುದು ಲೆಕ್ಕ. ಆರಂಗುಲದ ಹೊಸ್ತಿಲಿಗೆ ಆರಡಿಯ ಹಲಗೆ ಸಾಕು. ಎರಡಡಿಯ ಜಗಲಿಗೆ 24 ಅಡಿ ಬೇಕು, ಅಷ್ಟು ಜಾಗ ರಥಬೀದಿಯಲ್ಲಿ ಯಾರ ಮನೆ ಮುಂದೆಯೂ ಇಲ್ಲ. ಅಲ್ಲಿ ಗೋಡೆಗೊಂದು ಕಬ್ಬಿಣದ ಕಂಬಿ ಹಾಕಿ, ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಬಳಿಯಿರಿ, ಬಾಗಿಲಲ್ಲಿ ಒಂದು ಕುರ್ಚಿ ಇಡಿ. ಹಳೆಯ ಕಟ್ಟಡದ ಒಂದು ಕಲ್ಲನ್ನೂ ಕೀಳದೆ ಆಗುವ ಕೆಲಸವಿದು. ದೊಡ್ಡ ಕೆಲಸಕ್ಕೆ ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆ ಎಲ್ಲರೂ ಹೋಗುವಂತಿರಬೇಕು ಎನ್ನುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಇಂಥ ಸೌಲಭ್ಯದ ನಿಯಮ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯದ ನಿಯಮಗಳನ್ನು ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿದೆ. ಕಂಬಿ, ಕುರ್ಚಿ ಕೇಳುವಾಗ ನಾವು ತಲೆ ತಗ್ಗಿಸಿ ಕೇಳಬೇಕಾಗಿಲ್ಲ.

ಓರಗೆಯವರೇ, ಹೋಗಿ ಬನ್ನಿ. ಮುಂದಿನ ವರ್ಷ ಕಾಲು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಕಾಯುವ ವಯಸ್ಸು ನಮ್ಮದಲ್ಲ. ಹೋಗಿ ಬಂದ ಮೇಲೆ ನಿಮ್ಮ ಪರಿಚಯದವರಿಗೆಲ್ಲ ಹೇಳಿ: ಯಾವ ವಸತಿಗೃಹದಲ್ಲಿ ಎಷ್ಟು ಮೆಟ್ಟಿಲು, ಯಾವ ಬಾಗಿಲಲ್ಲಿ ಕಂಬಿ ಇದೆ, ಕೂರಲು ಎಲ್ಲಿ ಜಾಗವಿದೆ, ಯಾವ ರಿಕ್ಷಾದವನು ತಾಳ್ಮೆಯಿಂದ ಕೈ ಕೊಡುತ್ತಾನೆ. ದೇವರು ಎಷ್ಟು ಚೆನ್ನಾಗಿ ಕಂಡ ಎಂಬುದರ ಜೊತೆಗೆ ಇದನ್ನೂ ಹೇಳಿ. ಮನೆಯಲ್ಲಿ ಕೂತಿರುವ ಇನ್ನೊಬ್ಬರು ಎದ್ದು ಹೊರಡುವುದಕ್ಕೆ ಅಷ್ಟು ವಿವರ ಸಾಕಾಗುತ್ತದೆ.